ಗಾಳಿಯ ತೂಕ, ಗಾಳಿಯ ಲೆಕ್ಕ

1783ರ ಆಗಸ್ಟ್ 27ರಂದು ಪ್ಯಾರಿಸ್ಸಿನ ಷಾಂಪ್ ದ ಮಾರ್ಸ್ ಮೈದಾನದಿಂದ ಒಂದು ಬಲೂನು ಮೇಲೇರಿತು. ರೇಷ್ಮೆ ಬಟ್ಟೆಗೆ ರಬ್ಬರಿನ ಲೇಪ ಕೊಟ್ಟು ಹೊಲಿದಿದ್ದ ಆ ದೊಡ್ಡ ಚೆಂಡನ್ನು ಸಿದ್ಧಪಡಿಸಿದವರು ಜಾಕ್ ಚಾರ್ಲ್ಸ್ ಮತ್ತು ರೊಬೇರ್ ಸಹೋದರರು. ಅದೇ ವರ್ಷ ಜೂನ್‌ನಲ್ಲಿ ಮಾಂಗೊಲ್ಫಿಯೇ ಸಹೋದರರು ಹಾರಿಸಿದ್ದು ಬಿಸಿಗಾಳಿಯ ಬಲೂನನ್ನು. ಚಾರ್ಲ್ಸ್ ತುಂಬಿದ್ದು ಹೈಡ್ರೋಜನ್. ಸುಮಾರು 35 ಘನ ಮೀಟರ್ ಹಿಡಿಯುವ ಆ ಚೆಂಡಿಗಾಗಿ ಸುಮಾರು 500 ಕೆ.ಜಿ. ಕಬ್ಬಿಣದ ಚೂರಿನ ಮೇಲೆ ಸುಮಾರು 250 ಕೆ.ಜಿ. ಗಂಧಕಾಮ್ಲ ಸುರಿಯಲಾಯಿತು. ತುಂಬುವುದಕ್ಕೇ ದಿನಗಳು ಹಿಡಿದವು. ಹಾರಿದ ಬಲೂನು ಇಪ್ಪತ್ತು ಕಿಲೋಮೀಟರ್ ಆಚೆ ಗೊನೆಸ್ ಎಂಬ ಹಳ್ಳಿಯಲ್ಲಿ ಬಿದ್ದಾಗ ಬೆದರಿದ ಹಳ್ಳಿಗರು ಅದನ್ನು ತಿವಿದು ಚಿಂದಿ ಮಾಡಿದರು.

ಎಷ್ಟು ಕಬ್ಬಿಣ ಬೇಕು, ಎಷ್ಟು ಆಮ್ಲ ಬೇಕು ಎಂದು ಮೊದಲೇ ಲೆಕ್ಕ ಹಾಕುವ ದಾರಿ ಚಾರ್ಲ್ಸ್ ಅವರಿಗೆ ಇರಲಿಲ್ಲ. ಸುರಿಯುತ್ತ ಹೋಗುವುದು, ಚೆಂಡು ಉಬ್ಬುವುದನ್ನು ಕಾಯುವುದು, ಅಷ್ಟೇ. ಇಂದು ಪಿಯುಸಿ ಓದುವ ಹುಡುಗಿ ಇದೇ ಲೆಕ್ಕವನ್ನು ಅರ್ಧ ಪುಟದಲ್ಲಿ ಮುಗಿಸುತ್ತಾಳೆ. ಕಣಗಳ ಒಂದು ನಿಶ್ಚಿತ ಎಣಿಕೆಗೆ ಮೋಲ್ ಎಂದು ಹೆಸರು. ಒಂದು ಮೋಲ್ ಕಬ್ಬಿಣ 56 ಗ್ರಾಂ, ಒಂದು ಮೋಲ್ ಗಂಧಕಾಮ್ಲ 98 ಗ್ರಾಂ. ಇವೆರಡೂ ಕೂಡಿದರೆ ಹೊರಬರುವುದು ಒಂದು ಮೋಲ್ ಹೈಡ್ರೋಜನ್, ಅಂದರೆ 2 ಗ್ರಾಂ. ಸಮುದ್ರಮಟ್ಟದ ಒತ್ತಡದಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಮೋಲ್ ಅನಿಲ ಸುಮಾರು 24 ಲೀಟರ್ ಜಾಗ ಹಿಡಿಯುತ್ತದೆ. ಬಲೂನಿನ 35,000 ಲೀಟರನ್ನು 24ರಿಂದ ಭಾಗಿಸಿದರೆ ಸುಮಾರು 1,460 ಮೋಲ್. ಅಷ್ಟು ಹೈಡ್ರೋಜನ್‌ಗೆ ಬೇಕಾಗುವುದು 82 ಕೆ.ಜಿ. ಕಬ್ಬಿಣ, 143 ಕೆ.ಜಿ. ಆಮ್ಲ.

ಅಂದಮೇಲೆ ಅರ್ಧ ಟನ್ ಕಬ್ಬಿಣ ಏಕೆ ಬೇಕಾಯಿತು? ಬೇಕಾಗಿರಲಿಲ್ಲ. 250 ಕೆ.ಜಿ. ಆಮ್ಲ ಪೂರ್ತಿ ಶುದ್ಧವಾಗಿದ್ದು ಪೂರ್ತಿ ಬಳಕೆಯಾಗಿದ್ದರೂ ಅದು ಕರಗಿಸಬಹುದಾಗಿದ್ದ ಕಬ್ಬಿಣ 143 ಕೆ.ಜಿ. ಮಾತ್ರ. ಆಮ್ಲ ಮೊದಲು ತೀರಿಹೋಗುತ್ತದೆ, ಉಳಿದ ಕಬ್ಬಿಣ ಪೀಪಾಯಿಯ ತಳದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಎಷ್ಟು ಅನಿಲ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಮೊದಲು ಮುಗಿಯುವ ವಸ್ತು. ಆ ಆಮ್ಲದಿಂದ ಹೆಚ್ಚೆಂದರೆ 61 ಘನ ಮೀಟರ್ ಹೈಡ್ರೋಜನ್ ಬರಬಹುದಿತ್ತು. ಬಲೂನಿಗೆ ಸೇರಿದ್ದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಉಳಿದದ್ದು ಕೊಳವೆಗಳ ಸಂದಿನಿಂದ, ಬಟ್ಟೆಯ ಹೊಲಿಗೆಯಿಂದ ಸೋರಿಹೋದದ್ದು, ಜೊತೆಗೆ ಆಮ್ಲದಲ್ಲಿದ್ದ ನೀರಿನ ಪಾಲು.

ಹಾರಿಸಿದ ಬಲ ಎಲ್ಲಿಂದ ಬಂತು ಎಂಬುದಕ್ಕೂ ಇದೇ ಲೆಕ್ಕದಲ್ಲಿ ಉತ್ತರವಿದೆ. 1,460 ಮೋಲ್ ಹೈಡ್ರೋಜನ್‌ನ ತೂಕ ಮೂರು ಕೆ.ಜಿ.ಗೂ ಕಡಿಮೆ. ಅದೇ ಜಾಗದಲ್ಲಿ ಮೊದಲು ಇದ್ದ ಗಾಳಿಯೂ 1,460 ಮೋಲ್. ಗಾಳಿಯ ಒಂದು ಮೋಲ್ ಸರಾಸರಿ 29 ಗ್ರಾಂ ಆದ್ದರಿಂದ ಅದರ ತೂಕ 42 ಕೆ.ಜಿ. ನಡುವಿನ 39 ಕೆ.ಜಿ.ಯ ವ್ಯತ್ಯಾಸದಲ್ಲಿ ಬಟ್ಟೆಯ ಭಾರ ಕಳೆದು ಉಳಿದದ್ದೇ ಆ ಚೆಂಡನ್ನು ಮೋಡದವರೆಗೆ ಎತ್ತಿದ ಬಲ. ಸಂಖ್ಯೆ ಸಮ, ಗಾತ್ರ ಸಮ, ತೂಕ ಮಾತ್ರ ಬೇರೆ. ಅನಿಲಗಳ ಇಡೀ ಲೆಕ್ಕ ನಿಂತಿರುವುದು ಈ ಸಂಗತಿಯ ಮೇಲೆ. ಇದನ್ನು ಒಪ್ಪಿಕೊಳ್ಳುವುದಕ್ಕೆ ಯುರೋಪಿನ ರಸಾಯನ ವಿಜ್ಞಾನಿಗಳು ಅರ್ಧ ಶತಮಾನ ತೆಗೆದುಕೊಂಡರು.

ಚಾರ್ಲ್ಸ್ ಅವರ ಹೆಸರು ಇಂದು ಬಲೂನಿಗಿಂತ ನಿಯಮದಿಂದಲೇ ಹೆಚ್ಚು ಪರಿಚಿತ. ಬಿಸಿಯೇರಿದಂತೆ ಎಲ್ಲ ಅನಿಲಗಳೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ ಎಂದು ಅವರು ಕಂಡುಕೊಂಡಿದ್ದರು, ಆದರೆ ಪ್ರಕಟಿಸಲಿಲ್ಲ. 1802ರಲ್ಲಿ ಅದನ್ನು ಎಚ್ಚರದಿಂದ ಅಳೆದು ಪ್ರಕಟಿಸಿ, ಮೊದಲು ಕಂಡವರು ಚಾರ್ಲ್ಸ್ ಎಂದು ಹೇಳಿದವರು ಜೋಸೆಫ್ ಲೂಯಿ ಗೇ-ಲುಸಾಕ್. ಅವರೂ ಬಲೂನು ಏರಿದವರೇ. 1804ರ ಸೆಪ್ಟೆಂಬರ್ 16ರಂದು ಒಬ್ಬರೇ ಸುಮಾರು 7,000 ಮೀಟರ್ ಎತ್ತರಕ್ಕೆ ಹೋಗಿ, ಮೇಲಿನ ಗಾಳಿಯನ್ನು ಸೀಸೆಯಲ್ಲಿ ಹಿಡಿದು ತಂದರು. ಪರೀಕ್ಷಿಸಿದಾಗ ಅದರಲ್ಲಿದ್ದ ಆಮ್ಲಜನಕದ ಪಾಲು ನೆಲದ ಗಾಳಿಯಲ್ಲಿ ಇದ್ದಷ್ಟೇ ಇತ್ತು.

1808ರಲ್ಲಿ ಗೇ-ಲುಸಾಕ್ ಮಂಡಿಸಿದ ಮಾತು ಇನ್ನೂ ದೊಡ್ಡದು. ಅನಿಲಗಳು ಒಂದರೊಡನೊಂದು ಕೂಡುವಾಗ ಅವುಗಳ ಗಾತ್ರಗಳು ಸಣ್ಣ ಪೂರ್ಣಾಂಕಗಳ ಪ್ರಮಾಣದಲ್ಲಿರುತ್ತವೆ. ಎರಡು ಲೀಟರ್ ಹೈಡ್ರೋಜನ್, ಒಂದು ಲೀಟರ್ ಆಕ್ಸಿಜನ್ ಸೇರಿದರೆ ಎರಡು ಲೀಟರ್ ನೀರಾವಿ. ತೂಕದಲ್ಲಿ ನೋಡಿದರೆ ಇದೇ ಕ್ರಿಯೆ ಒಂದಕ್ಕೆ ಎಂಟರ ಲೆಕ್ಕ. ಗಾತ್ರದಲ್ಲಿ ನೋಡಿದರೆ ಒಂದು, ಎರಡು, ಮೂರು ಎಂದು ಮಕ್ಕಳೂ ಎಣಿಸುವಂಥ ಲೆಕ್ಕ. ಪರಮಾಣುವಾದವನ್ನು ಕಟ್ಟಿದ ಜಾನ್ ಡಾಲ್ಟನ್ ಇದನ್ನು ಮೆಚ್ಚಬೇಕಿತ್ತು. ಅವರು ಒಪ್ಪಲೇ ಇಲ್ಲ. ಅವರ ಅಡ್ಡಿಗೆ ಕಾರಣವಿತ್ತು. ಒಂದು ಲೀಟರ್ ಆಕ್ಸಿಜನ್ ಎರಡು ಲೀಟರ್ ನೀರಾವಿಗೆ ಹಂಚಿಹೋಗಬೇಕಾದರೆ ಪ್ರತಿ ಆಕ್ಸಿಜನ್ ಪರಮಾಣುವೂ ಎರಡಾಗಿ ಸೀಳಬೇಕು. ಸೀಳುವುದಾದರೆ ಅದು ಪರಮಾಣು ಹೇಗಾದೀತು?

ಉತ್ತರ ಬಂದದ್ದು ಇಟಲಿಯಿಂದ, 1811ರಲ್ಲಿ. ಅಮೆಡಿಯೋ ಅವೊಗಾಡ್ರೊ ಓದಿದ್ದು ಕಾನೂನು, ಆಗ ವೆರ್ಚೆಲ್ಲಿ ಊರಿನಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದರು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಯಾವುದೇ ಅನಿಲದಲ್ಲಿಯೂ ಅಣುಗಳ ಸಂಖ್ಯೆ ಸಮ ಎಂದು ಅವರು ಹೇಳಿದರು. ಆಕ್ಸಿಜನ್‌ನ ಅಣುವಿನಲ್ಲಿ ಎರಡು ಪರಮಾಣುಗಳಿವೆ; ಸೀಳುವುದು ಅಣುವೇ ಹೊರತು ಪರಮಾಣುವಲ್ಲ ಎಂದರು. ಡಾಲ್ಟನ್ ಅವರ ಪ್ರಶ್ನೆಗೆ ಇದಕ್ಕಿಂತ ಸರಳವಾದ ಉತ್ತರ ಇರಲಾರದು. ಆದರೆ ಆ ಕಾಲದ ದೊಡ್ಡ ರಸಾಯನ ವಿಜ್ಞಾನಿ ಬರ್ಜೀಲಿಯಸ್ ಅವರ ಸಿದ್ಧಾಂತದಲ್ಲಿ ಪರಮಾಣುಗಳನ್ನು ಹಿಡಿದಿಡುವುದು ವಿರುದ್ಧ ವಿದ್ಯುದಂಶಗಳ ಸೆಳೆತ. ಒಂದೇ ಬಗೆಯ ಎರಡು ಪರಮಾಣುಗಳು ಅಂಟಿಕೊಂಡಿರುವುದಕ್ಕೆ ಅಲ್ಲಿ ಜಾಗವಿರಲಿಲ್ಲ. ಅವೊಗಾಡ್ರೊ 1856ರಲ್ಲಿ ತೀರಿಕೊಂಡಾಗಲೂ ಅವರ ಮಾತು ಮೂಲೆಯಲ್ಲೇ ಉಳಿದಿತ್ತು.

ಈ ಐವತ್ತು ವರ್ಷಗಳ ಗೊಂದಲವನ್ನು ಪಠ್ಯಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಹಾಗೆ ದಾಟಬಾರದು. ನೀರಿನಲ್ಲಿ ಹೈಡ್ರೋಜನ್ ಪರಮಾಣು ಒಂದೋ ಎರಡೋ ಎಂಬುದು ಗೊತ್ತಿಲ್ಲದಿದ್ದರೆ ಆಕ್ಸಿಜನ್‌ನ ತೂಕ 8 ಎಂದು ಒಬ್ಬರು, 16 ಎಂದು ಇನ್ನೊಬ್ಬರು ಬರೆಯುತ್ತಾರೆ. ಒಂದು ತಪ್ಪಿದರೆ ಅದರ ಹಿಂದೆ ಎಲ್ಲ ಸೂತ್ರಗಳೂ ತಪ್ಪುತ್ತವೆ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲಕ್ಕೆ ಆಗ ಬಳಕೆಯಲ್ಲಿದ್ದ ಹತ್ತೊಂಬತ್ತು ಬೇರೆ ಬೇರೆ ಸೂತ್ರಗಳನ್ನು ಔಗುಸ್ಟ್ ಕೆಕುಲೆ ತಮ್ಮ ಪುಸ್ತಕದಲ್ಲಿ ಪಟ್ಟಿಮಾಡಿದ್ದಾರೆ. ಒಬ್ಬರ ಪ್ರಯೋಗ ಇನ್ನೊಬ್ಬರಿಗೆ ಅರ್ಥವಾಗದ ಸ್ಥಿತಿ ಅದು.

ಕೆಕುಲೆ ಮತ್ತು ಗೆಳೆಯರು 1860ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಸಮ್ಮೇಳನ ಕರೆದರು. ಮೂರು ದಿನ ಚರ್ಚೆ ನಡೆದರೂ ಒಮ್ಮತ ಮೂಡಲಿಲ್ಲ. ಕೊನೆಗೆ ಇಟಲಿಯ ಸ್ತಾನಿಸ್ಲಾವೊ ಕನಿಜಾರೊ ಎರಡು ವರ್ಷ ಹಿಂದೆ ಬರೆದಿದ್ದ ಕಿರುಹೊತ್ತಗೆಯನ್ನು ಅವರ ಗೆಳೆಯ ಆಂಜೆಲೊ ಪಾವೆಸಿ ಬಂದವರಿಗೆಲ್ಲ ಹಂಚಿದರು. ಅದನ್ನು ಊರಿಗೆ ಒಯ್ದು ಓದಿದವರಲ್ಲಿ ಲೋಥರ್ ಮೇಯರ್ ಒಬ್ಬರು. ಸಮ್ಮೇಳನದಲ್ಲಿ ತರುಣ ಮೆಂಡಲೀವ್ ಕೂಡ ಇದ್ದರು. ಮುಂದಿನ ಹತ್ತು ವರ್ಷಗಳಲ್ಲಿ ಈ ಇಬ್ಬರೂ ಬೇರೆ ಬೇರೆಯಾಗಿ ಧಾತುಗಳ ಆವರ್ತ ಕೋಷ್ಟಕ ಕಟ್ಟಿದರು.

ಕನಿಜಾರೊ ಅವರ ವಿಧಾನವನ್ನು ಒಮ್ಮೆ ಹತ್ತಿರದಿಂದ ನೋಡಬೇಕು, ಏಕೆಂದರೆ ಅದು ಅಷ್ಟು ಸೊಗಸಾಗಿದೆ. ಇಂಗಾಲವಿರುವ ಹಲವು ಅನಿಲಗಳನ್ನು ತೆಗೆದುಕೊಳ್ಳಿ. ಪ್ರತಿಯೊಂದರಲ್ಲೂ ಒಂದೇ ಗಾತ್ರ ಅಳೆಯಿರಿ. ಆ ಗಾತ್ರದಲ್ಲಿ ಹೈಡ್ರೋಜನ್ 2 ಗ್ರಾಂ ತೂಗುವಂತಿರಲಿ. ಅವೊಗಾಡ್ರೊ ಹೇಳಿದ್ದು ನಿಜವಾದರೆ ಎಲ್ಲದರಲ್ಲೂ ಅಣುಗಳ ಸಂಖ್ಯೆ ಒಂದೇ. ಈಗ ಪ್ರತಿ ಅನಿಲದಲ್ಲಿ ಇಂಗಾಲದ ಪಾಲು ಎಷ್ಟು ಎಂದು ಬಿಡಿಸಿ ತೂಗಿ. ಮೀಥೇನ್‌ನಲ್ಲಿ 12 ಗ್ರಾಂ, ಕಾರ್ಬನ್ ಡೈಆಕ್ಸೈಡ್‌ನಲ್ಲಿ 12, ಎಥಿಲೀನ್‌ನಲ್ಲಿ 24, ಪ್ರೊಪೇನ್‌ನಲ್ಲಿ 36. ಹನ್ನೆರಡಕ್ಕಿಂತ ಕಡಿಮೆ ಎಲ್ಲೂ ಇಲ್ಲ, ಹನ್ನೆರಡರ ಮಗ್ಗಿ ಬಿಟ್ಟು ಬೇರೆ ಅಂಕಿಯೂ ಇಲ್ಲ. ಆದ್ದರಿಂದ ಇಂಗಾಲದ ಪರಮಾಣು ತೂಕ 12. ಕಣ್ಣಿಗೆ ಕಾಣದ ಪರಮಾಣುವಿನ ತೂಕವನ್ನು ಬರೀ ಪಾತ್ರೆ ಮತ್ತು ತಕ್ಕಡಿಯಿಂದ ಹೀಗೆ ನಿಶ್ಚಯಿಸಲಾಯಿತು.

ಮೋಲ್ ಎಂಬ ಮಾನ ಬಂದದ್ದು ಇದಾದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಗೆ. ಅದನ್ನು ಬಳಕೆಗೆ ತಂದವರು ವಿಲ್‌ಹೆಲ್ಮ್ ಆಸ್ಟ್‌ವಾಲ್ಡ್. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆಗಳನ್ನು ಯಾರೂ ಎಣಿಸಿ ಕೊಡುವುದಿಲ್ಲ, ತೂಗಿ ಕೊಡುತ್ತಾರೆ. ಒಂದು ಮೊಳೆಯ ತೂಕ ಗೊತ್ತಿದ್ದವರಿಗೆ ಕಾಲು ಕಿಲೋದಲ್ಲಿ ಎಷ್ಟಿವೆ ಎಂದು ಹೇಳುವುದು ಕಷ್ಟವಲ್ಲ. ರಸಾಯನಶಾಸ್ತ್ರದ ತೂಕವೂ ಹಾಗೆಯೇ ಎಣಿಕೆಗೆ ಬದಲಿ. 12 ಗ್ರಾಂ ಇಂಗಾಲ, 32 ಗ್ರಾಂ ಆಕ್ಸಿಜನ್, 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಇವೆಲ್ಲ ಒಂದೊಂದು ಮೋಲ್, ಒಂದೇ ಎಣಿಕೆ. ಆ ಎಣಿಕೆ ಎಷ್ಟು ದೊಡ್ಡದು ಎಂಬ ಅಂದಾಜಿಗೆ 1865ರಲ್ಲಿ ದಾರಿ ತೆರೆದವರು ಯೋಹಾನ್ ಲೋಶ್ಮಿಟ್. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಫ್ರಾನ್ಸಿನ ಜ್ಯಾಂ ಪೆರಾಂ ನೀರಿನಲ್ಲಿ ತೇಲುವ ರಾಳದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿ ಅದನ್ನು ಗಟ್ಟಿಮಾಡಿದರು, ಅದಕ್ಕೆ ಅವೊಗಾಡ್ರೊ ಹೆಸರಿಟ್ಟರು, 1926ರ ನೊಬೆಲ್ ಪಡೆದರು. 2019ರ ಮೇ 20ರಿಂದ ಮೋಲ್ ಎಂದರೆ ಸರಿಯಾಗಿ 6.02214076 × 10²³ ಕಣಗಳು. ಇದರಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ.

ಈಗ 22.4ರ ವಿಷಯ. ಒಂದು ಮೋಲ್ ಅನಿಲ 22.4 ಲೀಟರ್ ಎಂದು ತಲೆಮಾರುಗಳ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ್ದಾರೆ. ಇಂದಿನ ಪಠ್ಯದಲ್ಲಿ 22.7 ಎಂದಿರುತ್ತದೆ, ಮನೆಯಲ್ಲಿ ಅಪ್ಪ 22.4 ಎನ್ನುತ್ತಾರೆ, ಮಗಳು ಪುಸ್ತಕ ತೋರಿಸುತ್ತಾಳೆ. ಇಬ್ಬರೂ ಸರಿ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ, ಒಂದು ವಾಯುಮಂಡಲ ಒತ್ತಡದಲ್ಲಿ 22.4. ಒತ್ತಡವನ್ನು ಒಂದು ಬಾರ್‌ಗೆ, ಅಂದರೆ ತುಸು ಕೆಳಗೆ, ನಿಗದಿಮಾಡಿದರೆ ಅನಿಲ ತುಸು ಹಿಗ್ಗಿ 22.7. 1982ರಿಂದ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ ಒಂದು ಬಾರ್ ಅನ್ನೇ ಮಾನಕವೆಂದು ಇಟ್ಟುಕೊಂಡಿದೆ. ಅಂಕಿಯನ್ನು ಮಾತ್ರ ನೆನಪಿಟ್ಟು ಅದರ ಜೊತೆಗಿರುವ ಉಷ್ಣತೆ, ಒತ್ತಡಗಳನ್ನು ಮರೆತರೆ ಲೆಕ್ಕಕ್ಕೆ ಬುಡವೇ ಇರುವುದಿಲ್ಲ.

ಬೆಂಗಳೂರನ್ನೇ ನೋಡಬಹುದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಊರು. ಇಲ್ಲಿನ ಗಾಳಿಯ ಒತ್ತಡ ಸುಮಾರು 91 ಕಿಲೋಪಾಸ್ಕಲ್. ಅನಿಲ ಸ್ಥಿರಾಂಕ 8.314ನ್ನು 25 ಡಿಗ್ರಿಯ ಕೆಲ್ವಿನ್ ಬೆಲೆಯಾದ 298ರಿಂದ ಗುಣಿಸಿ 91ರಿಂದ ಭಾಗಿಸಿದರೆ ಒಂದು ಮೋಲ್ ಅನಿಲದ ಗಾತ್ರ 27.2 ಲೀಟರ್. ಅದೇ ದಿನ ಅದೇ ಉಷ್ಣತೆಯಲ್ಲಿ ಮಂಗಳೂರಿನ ಕಡಲದಂಡೆಯಲ್ಲಿ ಅದು 24.5 ಲೀಟರ್. ಬೆಂಗಳೂರಿನ ಕಾಲೇಜಿನ ಪ್ರಯೋಗಾಲಯದಲ್ಲಿ ಮೆಗ್ನೀಸಿಯಂ ಪಟ್ಟಿಯನ್ನು ಆಮ್ಲದಲ್ಲಿ ಕರಗಿಸಿ ಹೈಡ್ರೋಜನ್ ಹಿಡಿದ ವಿದ್ಯಾರ್ಥಿ 22.4ನ್ನು ಹಿಡಿದು ಕೂತರೆ ಲೆಕ್ಕ ಐದರಲ್ಲಿ ಒಂದು ಪಾಲಿನಷ್ಟು ತಪ್ಪುತ್ತದೆ. ತಪ್ಪು ಅವನ ಪ್ರಯೋಗದಲ್ಲಿಲ್ಲ, ಅಂಕಿಯಲ್ಲಿದೆ. ನಮ್ಮ ಶಾಲೆಗಳಲ್ಲಿ ಆಯಾ ಊರಿನ ಒತ್ತಡ, ಆಯಾ ದಿನದ ಉಷ್ಣತೆ ಹಾಕಿ ಮಕ್ಕಳಿಂದಲೇ ಈ ಅಂಕಿಯನ್ನು ತೆಗೆಸಿದರೆ ಅರ್ಧ ಪಾಠ ಅಲ್ಲೇ ಆದಂತೆ. ಇದಕ್ಕೆ ಹೊಸ ಉಪಕರಣ ಏನೂ ಬೇಕಿಲ್ಲ.

ಅಂದಹಾಗೆ, ಎಲ್ಲ ಅನಿಲಗಳ ಮೋಲ್ ಗಾತ್ರ ಒಂದೇ ಎಂಬುದು ಕೂದಲೆಳೆಯಷ್ಟು ತಪ್ಪು. ಕಾರ್ಬನ್ ಡೈಆಕ್ಸೈಡ್‌ನ ಅಣುಗಳು ಪರಸ್ಪರ ತುಸು ಸೆಳೆಯುವುದರಿಂದ ಸೊನ್ನೆ ಡಿಗ್ರಿ, ಒಂದು ವಾಯುಮಂಡಲದಲ್ಲಿ ಅದರ ಒಂದು ಮೋಲ್ ಹಿಡಿಯುವ ಜಾಗ 22.26 ಲೀಟರ್. ಮನೆಯ ಲೆಕ್ಕಕ್ಕೆ ಈ ಅಂತರ ಗಣನೆಗೆ ಬರುವುದಿಲ್ಲ.

ಮನೆಯ ಲೆಕ್ಕ ಎಂದಮೇಲೆ ಅಡುಗೆ ಗ್ಯಾಸ್‌ನಿಂದಲೇ ಆರಂಭಿಸುವುದು ಸರಿ. ತುಂಬಿದ ಸಿಲಿಂಡರಿನಲ್ಲಿ 14.2 ಕೆ.ಜಿ. ಇರುತ್ತದೆ, ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಲೆಕ್ಕ ಸುಲಭವಾಗಲೆಂದು ಪೂರ್ತಿ ಬ್ಯೂಟೇನ್ ಎಂದೇ ಹಿಡಿಯಬಹುದು. ಅದರ ಮೋಲ್ 58 ಗ್ರಾಂ, ಆದ್ದರಿಂದ ಸಿಲಿಂಡರಿನಲ್ಲಿ ಸುಮಾರು 245 ಮೋಲ್. ದ್ರವರೂಪದಲ್ಲಿ ಎರಡು ಮೂರು ಬಿಂದಿಗೆಯಲ್ಲಿ ಹಿಡಿಸುವಷ್ಟಿರುವ ಇದು ಅನಿಲವಾಗಿ ಹೊರಬಂದರೆ 24 ಲೀಟರಿನ ಲೆಕ್ಕದಲ್ಲಿ 5,900 ಲೀಟರ್. ಬ್ಯೂಟೇನ್‌ನ ಒಂದು ಮೋಲ್ ಉರಿಯಲು ಆರೂವರೆ ಮೋಲ್ ಆಕ್ಸಿಜನ್ ಬೇಕು. ಉರಿದಾಗ ನಾಲ್ಕು ಮೋಲ್ ಕಾರ್ಬನ್ ಡೈಆಕ್ಸೈಡ್, ಐದು ಮೋಲ್ ನೀರು ಬರುತ್ತದೆ. ಹಾಗಾಗಿ ಒಂದು ಸಿಲಿಂಡರ್ ತೀರುವ ಹೊತ್ತಿಗೆ ಒಲೆಯಿಂದ 43 ಕೆ.ಜಿ. ಕಾರ್ಬನ್ ಡೈಆಕ್ಸೈಡ್, 22 ಕೆ.ಜಿ. ನೀರಾವಿ ಹೊರಬಂದಿರುತ್ತದೆ. ಹದಿನಾಲ್ಕು ಕಿಲೋ ಗ್ಯಾಸ್‌ನಿಂದ ಅರವತ್ತೈದು ಕಿಲೋ ಹೇಗೆ ಬಂತು ಎಂದು ಕೇಳಿದರೆ, ಉಳಿದ 51 ಕಿಲೋ ಬಂದದ್ದು ಅಡುಗೆಮನೆಯ ಗಾಳಿಯಿಂದ. ಅಷ್ಟು ಆಕ್ಸಿಜನ್ ಕೊಡಲು 183 ಘನ ಮೀಟರ್ ಗಾಳಿ ಬೇಕು. ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯಾದರೆ ಅಂಥ ಎಂಟು ಕೋಣೆಗಳ ಗಾಳಿ.

ಅಡುಗೆಮನೆಗೆ ಕಿಟಕಿ ಇರುತ್ತದೆ, ಸಿಲಿಂಡರ್ ಒಂದೂವರೆ ಎರಡು ತಿಂಗಳು ಬರುತ್ತದೆ. ಸ್ನಾನದ ಮನೆಯ ಗ್ಯಾಸ್ ಗೀಸರ್ ಹಾಗಲ್ಲ. ಬೆಂಗಳೂರಿನಂಥ ಊರುಗಳಲ್ಲಿ ಚಳಿಗಾಲ ಬಂತೆಂದರೆ ಗೀಸರಿನ ವಿಷಾನಿಲಕ್ಕೆ ಯಾರೋ ಬಲಿಯಾದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತದೆ. ಓದಿದವರು ಮರುಗಿ ಪುಟ ತಿರುಗಿಸುತ್ತಾರೆ. ಆ ಸಾವಿನ ಲೆಕ್ಕ ಪಿಯುಸಿ ಪುಸ್ತಕದಲ್ಲೇ ಇದೆ. ಏಳಡಿ, ಐದಡಿ, ಒಂಬತ್ತಡಿಯ ಬಚ್ಚಲಿನಲ್ಲಿ ಹಿಡಿಯುವ ಗಾಳಿ ಸುಮಾರು 8,900 ಲೀಟರ್. ಬೆಂಗಳೂರಿನ 27.2 ಲೀಟರಿನ ಲೆಕ್ಕದಲ್ಲಿ ಅದು 328 ಮೋಲ್ ಗಾಳಿ. ಅದರಲ್ಲಿ ಆಕ್ಸಿಜನ್ 68 ಮೋಲ್. ನೂರು ಗ್ರಾಂ ಗ್ಯಾಸ್ ಉರಿಯಲು ಬೇಕಾಗುವುದು 11 ಮೋಲ್ ಆಕ್ಸಿಜನ್. ಗೀಸರ್ ಅಷ್ಟನ್ನು ಉರಿಸಲು ಹತ್ತು ನಿಮಿಷ ಸಾಕು. ಬಾಗಿಲು ಹಾಕಿ, ಚಳಿಗೆಂದು ಕಿಟಕಿಯನ್ನೂ ಮುಚ್ಚಿ ಕೂತವರ ಕೋಣೆಯಲ್ಲಿ ಆ ಹತ್ತು ನಿಮಿಷದಲ್ಲಿ ಆಕ್ಸಿಜನ್ ಶೇಕಡ 21ರಿಂದ 17.5ರ ಹತ್ತಿರಕ್ಕೆ ಇಳಿಯುತ್ತದೆ.

ಆಕ್ಸಿಜನ್ ಸಾಲದಾದಾಗ ಜ್ವಾಲೆ ಇಂಗಾಲವನ್ನು ಪೂರ್ತಿ ಸುಡುವುದಿಲ್ಲ; ಕಾರ್ಬನ್ ಡೈಆಕ್ಸೈಡ್ ಬದಲು ಕಾರ್ಬನ್ ಮೊನಾಕ್ಸೈಡ್ ಹುಟ್ಟತೊಡಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಅದು ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಅದರ ಮೋಲ್ 28 ಗ್ರಾಂ, ಗಾಳಿಯದು 29. ತೂಕದಲ್ಲಿ ಎರಡೂ ಸರಿಸುಮಾರು ಒಂದೇ ಆದ್ದರಿಂದ ಅದು ಮೇಲಕ್ಕೂ ಏರದೆ, ನೆಲಕ್ಕೂ ಇಳಿಯದೆ ಕೋಣೆಯ ಗಾಳಿಯಲ್ಲಿ ಪೂರ್ತಿ ಬೆರೆತುಹೋಗುತ್ತದೆ. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಇಡಬೇಕು. ಬಾಡಿಗೆಗೆ ಕೊಡುವ ಪ್ರತಿ ಮನೆಯ ಮಾಲೀಕರಿಗೂ, ಅದನ್ನು ಗೋಡೆಗೆ ಜೋಡಿಸುವ ಪ್ರತಿ ಕೆಲಸಗಾರರಿಗೂ ಈ ಲೆಕ್ಕ ತಿಳಿದಿರಬೇಕು. ತಿಳಿಸುವ ಹೊಣೆ ವಿಜ್ಞಾನ ಓದಿದವರದು.

ಮೋಲ್ ತೂಕವನ್ನು 29ರ ಪಕ್ಕ ಇಟ್ಟು ನೋಡುವ ಅಭ್ಯಾಸ ಇನ್ನೂ ಹಲವು ಕಡೆ ಜೀವ ಉಳಿಸುತ್ತದೆ. ಸಿಲಿಂಡರಿನ ಗ್ಯಾಸ್ 44ರಿಂದ 58. ಸೋರಿದರೆ ನೆಲದ ಮೇಲೆ ಹರಡಿ ಕೂರುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಮುಖ್ಯವಾಗಿ ಮೀಥೇನ್, 16. ಸೋರಿದರೆ ಸೂರಿಗೆ ಏರುತ್ತದೆ. ಸೋರಿಕೆ ಎಚ್ಚರಿಸುವ ಸಾಧನವನ್ನು ಮೊದಲನೆಯದಕ್ಕೆ ನೆಲದ ಬಳಿ, ಎರಡನೆಯದಕ್ಕೆ ಸೂರಿನ ಬಳಿ ಇಡಬೇಕು. ಮ್ಯಾನ್‌ಹೋಲ್‌ಗಳಲ್ಲಿ ಕಾರ್ಮಿಕರನ್ನು ಕೊಲ್ಲುವ ಹೈಡ್ರೋಜನ್ ಸಲ್ಫೈಡ್ 34. ಕ್ಯಾಮರೂನ್ ದೇಶದ ನಿಯೋಸ್ ಸರೋವರದಿಂದ 1986ರ ಆಗಸ್ಟ್ 21ರ ರಾತ್ರಿ ಉಕ್ಕಿದ ಕಾರ್ಬನ್ ಡೈಆಕ್ಸೈಡ್ 44. ನೀರಿನಂತೆ ಕಣಿವೆಗಳಿಗೆ ಹರಿದಿಳಿದು ನಿದ್ದೆಯಲ್ಲಿದ್ದ ಸುಮಾರು 1,700 ಜನರ ಪ್ರಾಣ ತೆಗೆಯಿತು.

ಘನವಸ್ತುವಿನೊಳಗೂ ಅನಿಲ ಅಡಗಿರುತ್ತದೆ. ಸುಣ್ಣದ ಕಲ್ಲಿನ ಮೋಲ್ 100 ಗ್ರಾಂ. ಸುಟ್ಟರೆ 56 ಗ್ರಾಂ ಸುಣ್ಣ ಉಳಿದು 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ. ವೀಳ್ಯದ ಸುಣ್ಣಕ್ಕೆಂದು ಸುಡುವ ಒಂದು ಗ್ರಾಂ ಕಪ್ಪೆಚಿಪ್ಪು ಹೊರಬಿಡುವುದು ಕಾಲು ಲೀಟರಿನಷ್ಟು ಅನಿಲ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಒಂದು ಟನ್ ಶುದ್ಧ ಸುಣ್ಣಕಲ್ಲು ಸುಟ್ಟರೆ 440 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಇದರಲ್ಲಿ ಕುಲುಮೆಗೆ ಹಾಕಿದ ಕಲ್ಲಿದ್ದಲಿನ ಹೊಗೆ ಸೇರಿಲ್ಲ, ಬರೀ ಕಲ್ಲಿನೊಳಗಿನದು. ಇಂಧನ ಬದಲಿಸಿದರೂ ಸಿಮೆಂಟಿನ ಕಾರ್ಬನ್ ಹೊರೆ ಪೂರ್ತಿ ಇಳಿಯದಿರುವುದು ಇದರಿಂದಲೇ.

ಇಷ್ಟೆಲ್ಲ ಆದಮೇಲೂ ಈ ಲೆಕ್ಕದ ಅತಿ ದೊಡ್ಡ ಗೆಲುವು ಯಾವುದೆಂದರೆ ಒಂದು ತೂಕ ತಾಳೆಯಾಗದೆ ಹೋದದ್ದು. ಇಂಗ್ಲೆಂಡಿನ ಲಾರ್ಡ್ ರೇಲೀ 1890ರ ದಶಕದ ಮೊದಲಲ್ಲಿ ನೈಟ್ರೋಜನ್ ತೂಗುತ್ತಿದ್ದರು. ಸುಮಾರು 1.8 ಲೀಟರ್ ಹಿಡಿಯುವ ಗಾಜಿನ ಬುರುಡೆ. ಅದನ್ನು ತಕ್ಕಡಿಯ ಒಂದು ಕಡೆ ತೂಗುಹಾಕಿ, ಗಾಳಿ ಮೇಲಕ್ಕೆತ್ತುವ ಬಲ ಎರಡೂ ಕಡೆ ಸಮವಾಗಿರಲೆಂದು ಇನ್ನೊಂದು ಕಡೆ ಅಷ್ಟೇ ಗಾತ್ರದ ಬುರುಡೆ ತೂಗುಹಾಕುವುದು. ಬುರುಡೆಯೊಳಗಿನ ಗಾಳಿ ತೆಗೆದಾಗ ಗಾಜು ಹೊರಗಿನ ಒತ್ತಡಕ್ಕೆ ತುಸು ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡವರು ಅವರು. ಗಾಳಿಯಿಂದ ಆಕ್ಸಿಜನ್ ತೆಗೆದು ಉಳಿಸಿಕೊಂಡ ನೈಟ್ರೋಜನ್ ಬುರುಡೆಯಲ್ಲಿ 2.310 ಗ್ರಾಂ ತೂಗಿತು. ರಾಸಾಯನಿಕಗಳಿಂದ ತಯಾರಿಸಿದ ನೈಟ್ರೋಜನ್ 2.299 ಗ್ರಾಂ. ವ್ಯತ್ಯಾಸ ಹನ್ನೊಂದು ಮಿಲಿಗ್ರಾಂ, ಇನ್ನೂರರಲ್ಲಿ ಒಂದು ಪಾಲು.

ಇನ್ನೊಬ್ಬರಾಗಿದ್ದರೆ ಕೈದೋಷವೆಂದು ಬಿಟ್ಟುಬಿಡುತ್ತಿದ್ದರು. ರೇಲೀ ಇಂಥ ವ್ಯತ್ಯಾಸ ಮೊದಲು ಕಂಡಾಗಲೇ, 1892ರಲ್ಲಿ, ನೇಚರ್ ಪತ್ರಿಕೆಗೆ ಬರೆದು, ಅದಕ್ಕೆ ಕಾರಣವೇನೆಂದು ರಸಾಯನ ವಿಜ್ಞಾನಿಗಳನ್ನು ಕೇಳಿದರು. ಬೇರೆ ಬೇರೆ ವಿಧಾನದಿಂದ ಮತ್ತೆ ಮತ್ತೆ ತಯಾರಿಸಿ ತೂಗಿದರು; ಗಾಳಿಯದು ಯಾವಾಗಲೂ ಭಾರ, ತಯಾರಿಸಿದ್ದು ಯಾವಾಗಲೂ ಹಗುರ. ಮೋಲ್ ಲೆಕ್ಕ ಹಾಕಿದರೆ ಮೊದಲನೆಯದರ 22.4 ಲೀಟರ್ 28.16 ಗ್ರಾಂ, ಎರಡನೆಯದರದು 28.01 ಗ್ರಾಂ. 28.01 ನೈಟ್ರೋಜನ್‌ನ ಸರಿಯಾದ ತೂಕ. ಹಾಗಾದರೆ ಗಾಳಿಯಲ್ಲಿ ನೈಟ್ರೋಜನ್ ಎಂದುಕೊಂಡಿದ್ದರೊಳಗೆ ಅದಕ್ಕಿಂತ ಭಾರವಾದ ಏನೋ ಸೇರಿಕೊಂಡಿದೆ.

ರಸಾಯನ ವಿಜ್ಞಾನಿ ವಿಲಿಯಂ ರ‍್ಯಾಮ್ಸೆ ಕಾದ ಮೆಗ್ನೀಸಿಯಂ ಮೇಲೆ ಗಾಳಿಯಿಂದ ಪಡೆದ ಆ ಅನಿಲವನ್ನು ಹಲವು ಬಾರಿ ಹಾಯಿಸಿ ನೈಟ್ರೋಜನ್ ಹೀರಿಸಿದರು. ಕೊನೆಗೆ ಉಳಿದ ಅನಿಲ ಯಾವುದರೊಡನೆಯೂ ಕೂಡಲಿಲ್ಲ. ಹೈಡ್ರೋಜನ್‌ಗಿಂತ ಸುಮಾರು ಇಪ್ಪತ್ತು ಪಟ್ಟು ಭಾರವಿತ್ತು. ಹೈಡ್ರೋಜನ್‌ನ ಮೋಲ್ 2 ಗ್ರಾಂ, ಆದ್ದರಿಂದ ಇದರದು 40. ಅದೇ ಆರ್ಗಾನ್. 1894ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡಿನಲ್ಲಿ ಸುದ್ದಿ ಹೊರಬಿತ್ತು. ಹೆನ್ರಿ ಕ್ಯಾವೆಂಡಿಶ್ 1785ರಲ್ಲೇ ಗಾಳಿಯಲ್ಲಿ ಕಿಡಿ ಹಾಯಿಸಿ ನೈಟ್ರೋಜನ್ ಪೂರ್ತಿ ತೆಗೆದಾಗ 120ರಲ್ಲಿ ಒಂದು ಪಾಲಿಗೂ ಮೀರದ ಸಣ್ಣ ಗುಳ್ಳೆ ಉಳಿದಿತ್ತು ಎಂದು ಬರೆದಿಟ್ಟಿದ್ದರು. ಒಂದು ಶತಮಾನ ಆ ಗುಳ್ಳೆಯ ಕಡೆ ಯಾರೂ ತಿರುಗಿ ನೋಡಿರಲಿಲ್ಲ. ಪ್ರತಿ ಉಸಿರಿನಲ್ಲೂ ನೂರಕ್ಕೆ ಒಂದರಷ್ಟು ಆರ್ಗಾನ್ ಒಳಹೋಗುತ್ತದೆ. 1904ರಲ್ಲಿ ರೇಲೀ ಅವರಿಗೆ ಭೌತವಿಜ್ಞಾನದ, ರ‍್ಯಾಮ್ಸೆ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಬಂತು.

1898ರಲ್ಲಿ ರ‍್ಯಾಮ್ಸೆ ಮತ್ತು ಅವರ ಶಿಷ್ಯ ಮಾರಿಸ್ ಟ್ರಾವರ್ಸ್ ದ್ರವಗಾಳಿಯನ್ನು ಬಟ್ಟಿ ಇಳಿಸಿ ಕ್ರಿಪ್ಟಾನ್, ನಿಯಾನ್, ಜೆನಾನ್‌ಗಳನ್ನು ಕಂಡುಹಿಡಿದರು. ಈ ಇಬ್ಬರ ಹೆಸರೂ ಕರ್ನಾಟಕದೊಡನೆ ಬೆಸೆದುಕೊಂಡಿದೆ. ಜೆಮ್‌ಶೆಟ್‌ಜಿ ಟಾಟಾ ಕನಸಿದ ವಿಜ್ಞಾನ ಸಂಸ್ಥೆ ಎಲ್ಲಿರಬೇಕು ಎಂದು ನೋಡಲು 1900-01ರಲ್ಲಿ ಭಾರತಕ್ಕೆ ಬಂದು, ಬೆಂಗಳೂರು ಆಗಬಹುದು ಎಂದವರು ರ‍್ಯಾಮ್ಸೆ. ಮೈಸೂರು ಸಂಸ್ಥಾನ ಅದಕ್ಕೆ 371 ಎಕರೆ ಕೊಟ್ಟಿತು. 1909ರಲ್ಲಿ ರೂಪುಗೊಂಡ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರು ಟ್ರಾವರ್ಸ್. ಅಲ್ಲಿ ಮೊದಲು ಆರಂಭವಾದ ವಿಭಾಗಗಳಲ್ಲಿ ರಸಾಯನಶಾಸ್ತ್ರವೂ ಒಂದು.

ಟ್ರಾವರ್ಸ್ ಬೆಂಗಳೂರಿನಲ್ಲಿ ಪ್ರಯೋಗಾಲಯ ಕಟ್ಟಿಸುತ್ತಿದ್ದ ದಿನಗಳಲ್ಲೇ, 1910ರಲ್ಲಿ, ಅವರ ಗುರು ಲಂಡನ್ನಿನಲ್ಲಿ ರಾಬರ್ಟ್ ವೈಟ್‌ಲಾ ಗ್ರೇ ಜೊತೆ ರೇಡಿಯಂನಿಂದ ಹೊಮ್ಮುವ ಅನಿಲವನ್ನು ತೂಗಲು ಹೊರಟರು. ಕೈಗೆ ಸಿಕ್ಕಿದ್ದ ಅನಿಲದ ಗಾತ್ರ ಒಂದು ಘನ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗೂ ಕಡಿಮೆ. 22.4ರ ಲೆಕ್ಕದಲ್ಲಿ ಅದು ಒಂದು ಮೋಲ್‌ನ ಶತಕೋಟಿಯಲ್ಲಿ ನಾಲ್ಕೈದು ಪಾಲು. ತೂಕ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲನ್ನೂ ಮುಟ್ಟದು. ಅದಕ್ಕೆಂದೇ ಕರಗಿಸಿದ ಸಿಲಿಕಾದಿಂದ ಮಾಡಿದ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಅದರ ಮೋಲ್ ತೂಕ 220ರ ಆಸುಪಾಸು ಎಂದು ಅವರು ಹೇಳಿದರು. ಇಂದು ರೇಡಾನ್ ಎಂದು ಕರೆಯುವ ಆ ಅನಿಲದ ಒಪ್ಪಿತ ಬೆಲೆ 222. ರೇಡಿಯಂನ ಪರಮಾಣು ತೂಕ 226, ಹೀಲಿಯಂನದು 4. ಒಂದು ಧಾತು ಹೀಲಿಯಂ ಕಣವೊಂದನ್ನು ಹೊರಚೆಲ್ಲಿ ಇನ್ನೊಂದು ಧಾತುವಾಗುತ್ತದೆ ಎಂಬ ರುದರ್‌ಫೋರ್ಡ್ ಮತ್ತು ಸಾಡಿ ಅವರ ವಾದಕ್ಕೆ ಆ ತಕ್ಕಡಿಯಿಂದಲೂ ಸಾಕ್ಷಿ ದೊರೆಯಿತು.